ತಂದೆಯ ಕೋವಿ ನನ್ನ ಹೆಸರಿಗೆ ಬಂದಿದೆ. ಫೈರಿಂಗ್ ರೇಂಜಿಗೆ ಹೋಗುವ ಮೊದಲು ಏನೇನು ಬೇಕು?

ಪ್ರಶ್ನೆ: ಸಕಲೇಶಪುರದ ಸಮೀಪ ನಮಗೆ ಕಾಫಿ ತೋಟವಿದೆ. ತಂದೆಯವರು ತೀರಿಕೊಂಡ ನಂತರ ಅವರ ಹನ್ನೆರಡು ಬೋರಿನ ಜೋಡಿ ನಳಿಗೆ ಕೋವಿ ಲೈಸೆನ್ಸ್ ಸಹಿತ ನನ್ನ ಹೆಸರಿಗೆ ಆಗಿದೆ. ನಾನು ಈವರೆಗೆ ಒಂದು ಈಡನ್ನೂ ಹೊಡೆದವನಲ್ಲ. ಪೊಲೀಸ್ ಇಲಾಖೆಯವರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಹೆಸರು ಕೊಡಬೇಕೆಂದಿದ್ದೇನೆ. ಅದಕ್ಕೆ ಮೊದಲು ಏನೇನು ಕೊಳ್ಳಬೇಕು, ರೇಂಜಿನಲ್ಲಿ ಯಾವುದರ ಬಗ್ಗೆ ಎಚ್ಚರದಿಂದಿರಬೇಕು?

ಉತ್ತರ: ಕೊಳ್ಳಬೇಕಾದ ವಸ್ತುಗಳ ಪಟ್ಟಿ ಬಹುಶಃ ನೀವು ಊಹಿಸಿರುವುದಕ್ಕಿಂತ ಚಿಕ್ಕದು. ಕಿವಿಗೆ ಇಯರ್ ಮಫ್ ಮತ್ತು ಇಯರ್ ಪ್ಲಗ್, ಕಣ್ಣಿಗೆ ಸುರಕ್ಷತಾ ಕನ್ನಡಕ, ಎರಡು ಸ್ನ್ಯಾಪ್ ಕ್ಯಾಪ್ (ಅಭ್ಯಾಸಕ್ಕೆ ಬಳಸುವ, ಮದ್ದಿಲ್ಲದ ನಕಲಿ ತೋಟಾ), ನಳಿಗೆ ಶುಚಿ ಮಾಡುವ ಸಲಾಕೆ ಮತ್ತು ಎಣ್ಣೆ, ಬೀಗ ಹಾಕಬಹುದಾದ ಗಟ್ಟಿ ಕಬ್ಬಿಣದ ಬೀರು, ಇಷ್ಟಿದ್ದರೆ ಸಾಕು. ತೋಟಾ ಸಿಕ್ಕಿಸುವ ಬೆಲ್ಟು, ಹತ್ತಾರು ಜೇಬಿನ ಜಾಕೆಟ್ಟು ಮುಂತಾದವೆಲ್ಲ ಆಮೇಲಿನ ಮಾತು. ಆದರೆ ಇವುಗಳಿಗೆ ಹಣ ಹಾಕುವ ಮುನ್ನ ನೀವು ಮಾಡಬೇಕಾದ ಕೆಲಸವೊಂದಿದೆ: ಕೋವಿಯನ್ನೇ ಪರೀಕ್ಷೆ ಮಾಡಿಸುವುದು.

ಮಲೆನಾಡಿನ ಹಳೆಯ ಮನೆಗಳಲ್ಲಿರುವ ಜೋಡಿ ನಳಿಗೆ ಕೋವಿಗಳಲ್ಲಿ ಹಲವು ತಲೆಮಾರುಗಳಷ್ಟು ಹಳೆಯವು. ಅಂಥ ಕೆಲವು ಕೋವಿಗಳ ತೋಟಾ ಕೂರುವ ಕೋಣೆಯ ಉದ್ದ 65 ಮಿಲಿಮೀಟರ್ ಮಾತ್ರ ಇರುತ್ತದೆ. ಇಂದು ಅಂಗಡಿಯಲ್ಲಿ ಹೆಚ್ಚಾಗಿ ದೊರೆಯುವ ತೋಟಾಗಳು 70 ಮಿಲಿಮೀಟರಿನವು. ಸಮಸ್ಯೆಯೆಂದರೆ, ಸಿಡಿಯದ ತೋಟಾದ ಬಾಯಿ ಮಡಚಿಕೊಂಡಿರುವುದರಿಂದ ಉದ್ದದ ತೋಟಾ ಕೂಡ ಗಿಡ್ಡ ಕೋಣೆಯೊಳಗೆ ಯಾವ ತಕರಾರೂ ಇಲ್ಲದೆ ಕೂರುತ್ತದೆ, ಕೋವಿ ಸಲೀಸಾಗಿ ಮುಚ್ಚಿಕೊಳ್ಳುತ್ತದೆ. ಈಡು ಹಾರಿದಾಗ ಆ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ನಳಿಗೆಯ ಮೈಮೇಲೆ ಸುರುಳಿ ಸುರುಳಿಯಾದ ಗೆರೆಗಳು ಕಾಣಿಸಿದರಂತೂ ಇನ್ನೂ ಹುಷಾರಾಗಿರಬೇಕು. ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ ಡಮಾಸ್ಕಸ್ ನಳಿಗೆಯಾಗಿರಬಹುದು. ಕರಿಮದ್ದಿನ ಕಾಲದ ಆ ನಳಿಗೆಗಳಿಗೆ ಇಂದಿನ ತೋಟಾ ಹಾಕುವಂತಿಲ್ಲ. ಕೋಣೆಯ ಉದ್ದವನ್ನು ಸಾಮಾನ್ಯವಾಗಿ ನಳಿಗೆಯ ಬುಡದ ಚಪ್ಪಟೆ ಭಾಗದಲ್ಲಿ ಕೊರೆದಿರುತ್ತಾರೆ. ಅದನ್ನು ಓದಿ ಹೇಳುವ, ನಳಿಗೆ ಸಡಿಲವಾಗಿದೆಯೇ, ಒಳಮೈ ತುಕ್ಕು ತಿಂದು ಗುಳಿ ಬಿದ್ದಿದೆಯೇ ಎಂದು ನೋಡುವ ಕೆಲಸವನ್ನು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಗೇ ಬಿಡಿ. ‘ಅಪ್ಪ ಇಷ್ಟು ವರ್ಷ ಹೊಡೆದಿದ್ದಾರಲ್ಲ’ ಎಂಬುದು ನಳಿಗೆಯ ಗಟ್ಟಿತನಕ್ಕೆ ಸಾಕ್ಷಿಯಾಗುವುದಿಲ್ಲ.

ಮನೆಯಲ್ಲಿ ಹಳೆಯ ತೋಟಾಗಳು ಉಳಿದಿದ್ದರೆ ಅವನ್ನು ರೇಂಜಿಗೆ ಒಯ್ಯಬೇಡಿ. ಮಳೆಗಾಲದ ತೇವಕ್ಕೆ ಕಾಗದದ ತೋಟಾಗಳು ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತವೆ, ಹಿತ್ತಾಳೆಯ ಬುಡಕ್ಕೆ ಹಸಿರು ಕಿಲುಬು ಹಿಡಿಯುತ್ತದೆ, ಬುಡದಲ್ಲಿದ್ದು ಮದ್ದು ಹೊತ್ತಿಸುವ ಕೇಪು ಕೈಕೊಡುತ್ತದೆ. ನಿಮ್ಮ ಮನೆಯಲ್ಲಾಗಲಿ ನೆಂಟರ ಮನೆಯಲ್ಲಾಗಲಿ ಇಪ್ಪತ್ತು ಬೋರಿನ ಕೋವಿಯೂ ಇದ್ದರೆ ಎರಡರ ತೋಟಾಗಳನ್ನು ಒಂದೇ ಡಬ್ಬಿಯಲ್ಲಿ, ಒಂದೇ ಜೇಬಿನಲ್ಲಿ ಯಾವ ಕಾರಣಕ್ಕೂ ಇಡಬಾರದು. ಇಪ್ಪತ್ತರ ತೋಟಾ ಹನ್ನೆರಡರದಕ್ಕಿಂತ ತೆಳ್ಳಗಿರುವುದರಿಂದ ಹನ್ನೆರಡರ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಕಣ್ಣಿಗೆ ಕಾಣದಂತೆ ಸಿಕ್ಕಿಕೊಳ್ಳುತ್ತದೆ. ಕೋಣೆ ಖಾಲಿಯಿದೆ ಎಂದುಕೊಂಡು ಹಿಂದೆ ಇನ್ನೊಂದು ತೋಟಾ ಹಾಕಿ ಹೊಡೆದರೆ ನಳಿಗೆ ಒಡೆಯುವುದು ಸರಿಯಾಗಿ ಎಡಗೈ ಹಿಡಿದಿರುವ ಜಾಗದಲ್ಲಿ.

ಇನ್ನು ಕಿವಿಯ ವಿಷಯ. ಹನ್ನೆರಡು ಬೋರಿನ ಈಡಿನ ಸದ್ದು 150 ಡೆಸಿಬೆಲ್ ದಾಟುತ್ತದೆ, ಒಂದೇ ಸಲಕ್ಕೆ ಕಿವಿಗೆ ಶಾಶ್ವತ ಹಾನಿ ಮಾಡಬಲ್ಲ ಮಟ್ಟವೆಂದು ತಜ್ಞರು ಪರಿಗಣಿಸುವುದು 140 ಡೆಸಿಬೆಲ್‌ ಅನ್ನು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ. ‘ನಮ್ಮ ಹಿರಿಯರು ಏನು ಹಾಕಿಕೊಳ್ಳುತ್ತಿದ್ದರು’ ಎಂದು ಕೇಳುವವರು ಆ ಹಿರಿಯರೊಡನೆ ಎಷ್ಟು ಗಟ್ಟಿಯಾಗಿ ಮಾತನಾಡಬೇಕಾಗುತ್ತಿತ್ತು ಎಂಬುದನ್ನೂ ನೆನಪಿಸಿಕೊಳ್ಳಬೇಕು. ಹತ್ತಿ ತುರುಕಿಕೊಳ್ಳುವುದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಸ್ಪಂಜಿನ ಇಯರ್ ಪ್ಲಗ್ ಅಗ್ಗವಾದದ್ದು, ಸರಿಯಾಗಿ ಹಾಕಿಕೊಂಡರೆ ಬಹಳ ಒಳ್ಳೆಯದು. ಆದರೆ ಹೆಚ್ಚಿನವರು ಅದನ್ನು ಕಿವಿಯ ಬಾಯಿಗೆ ಅಂಟಿಸಿಕೊಂಡು ನಿಂತಿರುತ್ತಾರೆ. ಅದನ್ನು ಬೆರಳುಗಳ ನಡುವೆ ಬತ್ತಿಯಂತೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ, ಅದು ಉಬ್ಬಿ ಕೂರುವವರೆಗೆ ಅರ್ಧ ನಿಮಿಷದಷ್ಟು ಹೊತ್ತು ಬೆರಳಿನಿಂದ ಒತ್ತಿ ಹಿಡಿಯಬೇಕು. ನಿಮ್ಮ ಮಾತು ನಿಮಗೇ ಮಡಕೆಯೊಳಗಿನಿಂದ ಬಂದಂತೆ ಕೇಳಿಸಿದರೆ ಸರಿಯಾಗಿ ಕೂತಿದೆ ಎಂದರ್ಥ. ಅದರ ಮೇಲೆ ಮಫ್ ಹಾಕಿಕೊಂಡರೆ ಇನ್ನಷ್ಟು ರಕ್ಷಣೆ ಸಿಗುತ್ತದೆ. ತಗಡಿನ ಚಾವಣಿಯಡಿ, ಅಕ್ಕಪಕ್ಕದಲ್ಲಿ ಇತರರೂ ಹೊಡೆಯುವಾಗ ಎರಡನ್ನೂ ಹಾಕಿಕೊಳ್ಳುವುದೇ ಸರಿ. ಕನ್ನಡಕದ ದಪ್ಪ ಕಡ್ಡಿ ಮಫ್ಫಿನ ಮೆತ್ತೆಯನ್ನು ಎತ್ತಿ ಸಂದು ಮಾಡುತ್ತದೆ, ಆದ್ದರಿಂದ ತೆಳುವಾದ ಕಡ್ಡಿಯ ಸುರಕ್ಷತಾ ಕನ್ನಡಕ ಆರಿಸಿಕೊಳ್ಳಿ. ಮಸೂರ ಪಾಲಿಕಾರ್ಬೊನೇಟಿನದಾಗಿರಲಿ. ಸಾಮಾನ್ಯ ಕೂಲಿಂಗ್ ಗ್ಲಾಸು ಬಿಸಿಲಿಗೆ ಮಾತ್ರ ಸೈ.

ಬಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ: ಮೈಗೊಪ್ಪುವ, ಕೊರಳು ಮುಚ್ಚುವ ಅಂಗಿ ಮತ್ತು ಬೂಟು ಸಾಕು, ಹವಾಯಿ ಚಪ್ಪಲಿ ಬೇಡ.

ಶಿಬಿರದಲ್ಲಿ ಇಲಾಖೆಯ ಬಂದೂಕನ್ನೇ ಕೊಡುತ್ತಾರೋ ನಿಮ್ಮದನ್ನು ಒಯ್ಯಬೇಕೋ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ. ಒಯ್ಯುವುದಾದರೆ ಕೋವಿ ಖಾಲಿಯಾಗಿ ಚೀಲದೊಳಗಿರಬೇಕು, ತೋಟಾ ಬೇರೆ ಕಡೆ ಇರಬೇಕು, ಲೈಸೆನ್ಸ್ ಪುಸ್ತಕ ಜೊತೆಯಲ್ಲಿರಬೇಕು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ; ನಿಮ್ಮದರ ಅವಧಿ ಎಂದು ಮುಗಿಯುತ್ತದೆಂದು ಹೊರಡುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ರೇಂಜಿನಲ್ಲಿ ಹೇಳಿಕೊಡುವ ನಿಯಮಗಳು ಜಗತ್ತಿನ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಪ್ರತಿ ಕೋವಿಯಲ್ಲೂ ಈಡು ತುಂಬಿದೆ ಎಂದೇ ತಿಳಿದು ನಡೆಯಬೇಕು. ಹೊಡೆಯಬಾರದ ಯಾವುದರ ಕಡೆಗೂ ನಳಿಗೆಯ ಬಾಯಿ ತಿರುಗಬಾರದು. ಗುರಿ ಕೂಡಿಸಿ ಹೊಡೆಯಲು ನಿರ್ಧರಿಸುವವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ತಿಳಿದಿರಬೇಕು. ಇವನ್ನು ಬಾಯಿಪಾಠ ಮಾಡುವುದು ಸುಲಭ. ಕಷ್ಟವಿರುವುದು ಗಮನ ಬೇರೆಡೆ ಹೋದ ಗಳಿಗೆಯಲ್ಲಿ. ಹೊಸಬರು ಟ್ರಿಗರ್ ಎಳೆದಾಗ ‘ಟಿಕ್’ ಎಂದಷ್ಟೇ ಸದ್ದಾಗಿ ಈಡು ಹಾರದಿದ್ದರೆ, ಹತ್ತರಲ್ಲಿ ಒಂಬತ್ತು ಮಂದಿ ಮಾಡುವುದು ಒಂದೇ ಕೆಲಸ: ಕೋವಿ ಹಿಡಿದುಕೊಂಡೇ ಹಿಂದಕ್ಕೆ ತಿರುಗಿ ‘ಸಾರ್, ಹಾರಲಿಲ್ಲ’ ಎನ್ನುವುದು. ಆ ತಿರುಗುವಿಕೆಯಲ್ಲಿ ನಳಿಗೆ ಸಾಲಿನಲ್ಲಿ ನಿಂತವರೆಲ್ಲರ ಹೊಟ್ಟೆಯ ಮೇಲೆ ಹಾದುಹೋಗುತ್ತದೆ, ಮತ್ತು ಕೇಪು ತಡವಾಗಿ ಹೊತ್ತಿಕೊಂಡು ಈಡು ಕೆಲವು ಕ್ಷಣಗಳ ನಂತರ ಹಾರುವ ಸಾಧ್ಯತೆ ಇರುವುದೂ ಆಗಲೇ. ಈಡು ಹಾರದಿದ್ದರೆ ನಳಿಗೆಯನ್ನು ಗುರಿಯ ದಿಬ್ಬದ ಕಡೆಗೇ ಹಿಡಿದು, ಬೆರಳು ಹೊರಗೆ ತೆಗೆದು, ಬಾಯಲ್ಲಿ ಹೇಳಿ ಅಥವಾ ಖಾಲಿ ಕೈ ಎತ್ತಿ. ಕನಿಷ್ಠ ಅರ್ಧ ನಿಮಿಷ ಕಾದು, ಬೋಧಕರು ಹೇಳಿದ ಮೇಲೆ ಕೋವಿ ತೆರೆಯಿರಿ. ಸದ್ದು ಎಂದಿಗಿಂತ ಸಪ್ಪೆಯಾಗಿ ಕೇಳಿಸಿದರೂ ಅಲ್ಲಿಗೇ ನಿಲ್ಲಿಸಬೇಕು, ಏಕೆಂದರೆ ಚರೆಯೋ (ತೋಟಾದೊಳಗಿನ ಸಣ್ಣ ಗುಂಡುಗಳು) ತೋಟಾದೊಳಗಿನ ಬಿರಡೆಯೋ ನಳಿಗೆಯಲ್ಲೇ ಉಳಿದಿರಬಹುದು.

ಜೋಡಿ ನಳಿಗೆ ಕೋವಿಯಲ್ಲಿ ಒಂದು ದೊಡ್ಡ ಅನುಕೂಲವಿದೆ, ನನ್ನ ದೃಷ್ಟಿಯಲ್ಲಿ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಕೋವಿ ಇಲ್ಲದಿರುವುದೂ ಅದೇ ಕಾರಣಕ್ಕೆ. ನಳಿಗೆಯನ್ನು ಕೆಳಕ್ಕೆ ಬಾಗಿಸಿ ತೆರೆದರೆ ಒಳಗಿರುವುದು ನಿಮಗೆ ಮಾತ್ರವಲ್ಲ, ಹತ್ತು ಮಾರು ದೂರದಲ್ಲಿ ನಿಂತವರಿಗೂ ಕಾಣುತ್ತದೆ. ಸೇಫ್ಟಿ ಗುಂಡಿಗೆ ಆ ಯೋಗ್ಯತೆ ಇಲ್ಲ. ಬಹುತೇಕ ಹಳೆಯ ಕೋವಿಗಳಲ್ಲಿ ಅದು ಟ್ರಿಗರನ್ನಷ್ಟೇ ತಡೆಯುತ್ತದೆ, ಕೋವಿ ಕೈಜಾರಿ ಕಲ್ಲಿನ ಮೇಲೆ ಬಿದ್ದಾಗ ಒಳಗಿನ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಕಳಚಿ ಹೊಡೆಯುವುದನ್ನು ತಡೆಯುವುದಿಲ್ಲ. ಹಾಗಾಗಿ ಹೊಡೆಯುವ ಸಾಲಿನಲ್ಲಿ ನಿಂತು ಹೊಡೆಯುವ ಹೊತ್ತು ಬಿಟ್ಟು ಉಳಿದೆಲ್ಲ ಹೊತ್ತು ಕೋವಿ ತೆರೆದೇ ಇರಲಿ: ಚೀಲದಿಂದ ತೆಗೆದ ಕೂಡಲೇ, ಇನ್ನೊಬ್ಬರ ಕೈಗೆ ಕೊಡುವಾಗ, ಗುರಿ ನೋಡಲು ಜನ ಮುಂದೆ ಹೋದಾಗ. ಜನ ಮುಂದೆ ಹೋದಾಗ ತೆರೆದಿಟ್ಟ ಕೋವಿಯನ್ನು ಸುಮ್ಮನೆ ಮುಟ್ಟುವುದೂ ತಪ್ಪು. ‘ಸ್ಟಾಪ್’ ಎಂದು ಯಾರೇ ಕೂಗಿದರೂ, ಕೂಗಿದವರು ಕಾನ್‌ಸ್ಟೆಬಲ್ ಆಗಿರಲಿ ಪಕ್ಕದ ತೋಟದ ಹುಡುಗನಾಗಿರಲಿ, ತಕ್ಷಣ ನಿಲ್ಲಿಸಬೇಕು.

ಟ್ರಿಗರ್ ಎರಡಿರುತ್ತವೆ, ಸಾಮಾನ್ಯವಾಗಿ ಮುಂದಿನದು ಬಲ ನಳಿಗೆಗೆ, ಹಿಂದಿನದು ಎಡ ನಳಿಗೆಗೆ. ಮೊದಲ ದಿನ ಒಂದು ನಳಿಗೆಗೆ ಮಾತ್ರ ತೋಟಾ ಹಾಕಿ, ಏಕೆಂದರೆ ಹಿಂದೊದೆತಕ್ಕೆ ಬೆರಳು ಜಾರಿ ಎರಡನೆಯದನ್ನೂ ಎಳೆದುಬಿಡುವುದುಂಟು. ಕೋವಿಯ ಹಿಂತುದಿಯನ್ನು (ಬಟ್) ಭುಜದ ಗುಳಿಗೆ ಒತ್ತಿ ಹಿಡಿಯಬೇಕು. ನೋವಾದೀತೆಂದು ಸಡಿಲವಾಗಿ ಹಿಡಿದವರಿಗೇ ಹೆಚ್ಚು ನೋವಾಗುತ್ತದೆ. ಮನೆಯಲ್ಲಿ ಅಭ್ಯಾಸ ಮಾಡಲು ಸ್ನ್ಯಾಪ್ ಕ್ಯಾಪ್ ಬಳಸಿ. ಖಾಲಿ ಕೋವಿಯ ಟ್ರಿಗರನ್ನು ಮತ್ತೆ ಮತ್ತೆ ಎಳೆದರೆ ಹಳೆಯ ಕೋವಿಗಳಲ್ಲಿ ಕೇಪಿಗೆ ಚುಚ್ಚುವ ಸೂಜಿ ಮುರಿಯಬಹುದು. ಅಭ್ಯಾಸ ಮಾಡುವ ಕೋಣೆಯಲ್ಲಿ ನಿಜವಾದ ತೋಟಾ ಒಂದೂ ಇರಬಾರದು. ರೇಂಜಿನಿಂದ ಬಂದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನನ್ನೂ ತಿನ್ನಬೇಡಿ. ಚರೆ ಸೀಸದ್ದು, ಅನೇಕ ಕೇಪುಗಳ ಹೊಗೆಯಲ್ಲೂ ಸೀಸವಿರುತ್ತದೆ.

ನಮ್ಮ ಕಡೆ ಕೋವಿ ಹಾಳಾಗುವುದು ಹೊಡೆತದಿಂದಲ್ಲ, ಮಳೆಯಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೆಕ್ಸಿನ್ ಚೀಲದೊಳಗೆ ಇಟ್ಟ ಕೋವಿಗೆ ಚೀಲದ ತೇವವೇ ತುಕ್ಕು ತರುತ್ತದೆ. ಒಣಗಿಸಿ, ತೆಳುವಾಗಿ ಎಣ್ಣೆ ಸವರಿ, ಬೀರುವಿನೊಳಗೆ ಗಾಳಿಯಾಡುವಂತೆ ನಿಲ್ಲಿಸಿಡಿ. ತೋಟಾಗಳಿಗೆ ಬೇರೆ ಬೀಗವಿರಲಿ. ಬೇಸಿಗೆಯಲ್ಲಿ ಇನ್ನೊಂದು ಉಪದ್ರವ: ಗೋಡೆಗೆ ಒರಗಿಸಿಟ್ಟ ಕೋವಿಯ ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟುವ ಕಣಜ. ಹೊರಗಿನಿಂದ ಏನೂ ಕಾಣದು, ಒಳಗೆ ಒಣಗಿದ ಮಣ್ಣಿನ ಬಿರಡೆ ಕೂತಿರುತ್ತದೆ. ಚುನಾವಣೆಯ ಸಮಯದಲ್ಲಿ ಠಾಣೆಗೆ ಒಪ್ಪಿಸಿದ ಕೋವಿಯನ್ನು ತಿಂಗಳುಗಳ ನಂತರ ವಾಪಸ್ ತಂದಾಗ ಮೊದಲು ಕೋವಿ ತೆರೆದು ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ಇಣುಕಿ, ಸಲಾಕೆ ಆಡಿಸಿಯೇ ಒಳಗಿಡಿ. ಆಯುಧಪೂಜೆಯ ದಿನ ಕೋವಿ ಕುಂಕುಮ ಹಚ್ಚಿಸಿಕೊಂಡು ನಡುಮನೆಯಲ್ಲಿ ಮಲಗಿರುತ್ತದೆ, ಮನೆಯ ಮಕ್ಕಳೂ ನೆಂಟರ ಮಕ್ಕಳೂ ಮುಟ್ಟಿ ನೋಡುತ್ತಾರೆ. ಅಂದು ನೀವೇ ತೆರೆದು ನೋಡಿ, ತೆರೆದ ಸ್ಥಿತಿಯಲ್ಲೇ ಪೂಜೆಗಿಟ್ಟರೆ ದೇವಿಗೇನೂ ಬೇಸರವಾಗಲಾರದು.

ಕೊನೆಯದಾಗಿ, ರೇಂಜಿಗೂ ತೋಟಕ್ಕೂ ಇರುವ ವ್ಯತ್ಯಾಸ. ರೇಂಜಿನಲ್ಲಿ ಗುರಿಯ ಹಿಂದೆ ಮಣ್ಣಿನ ದಿಬ್ಬವಿರುತ್ತದೆ. ತೋಟದಲ್ಲಿ ಗಿಡದ ಹಿಂದೆ ಇನ್ನೊಂದು ಗಿಡ, ಅದರ ಹಿಂದೆ ಕಾಫಿ ಕೊಯ್ಯುವವರೋ ಕೆಲಸಗಾರರ ಲೈನ್ ಮನೆಯೋ ಇರುತ್ತದೆ. ಸಣ್ಣ ಚರೆ ಸುಮಾರು 200 ಮೀಟರ್ ಹೋಗಿ ಬೀಳಬಹುದು, ಆದರೆ ಎಲ್‌.ಜಿ. ತೋಟಾದ ದೊಡ್ಡ ಗುಂಡು 600 ಮೀಟರ್ ದಾಟಬಲ್ಲದು, ಬಂಡೆಗೋ ಕೆರೆಯ ನೀರಿಗೋ ತಾಗಿ ದಿಕ್ಕು ಬದಲಿಸಲೂಬಹುದು. ಪೊದೆ ಅಲ್ಲಾಡಿತೆಂದು ಹಂದಿಯ ಹೆಸರಿನಲ್ಲಿ ಹೊಡೆದ ಈಡು ಜೊತೆಗಾರನಿಗೇ ಬಿದ್ದ ಸುದ್ದಿಯನ್ನು ಮಲೆನಾಡಿನವರು ಮತ್ತೆ ಮತ್ತೆ ಓದುತ್ತಲೇ ಇದ್ದಾರೆ. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸ್ ಬೇಟೆಗೆ ಕೊಟ್ಟ ಅನುಮತಿಯಲ್ಲ. ಹಂದಿಯಾಗಲಿ ಆನೆಯಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿವೆ, ಹಾವಳಿ ಮಿತಿಮೀರಿದರೆ ಅರಣ್ಯ ಇಲಾಖೆಗೆ ಬರೆದುಕೊಡಬೇಕು. ಬೇಲಿ ದಾಟುವಾಗ, ಹಳ್ಳ ಇಳಿಯುವಾಗ, ಜೀಪು ಹತ್ತುವಾಗ ತೋಟಾ ತೆಗೆದು ಜೇಬಿಗೆ ಹಾಕಿಕೊಳ್ಳಿ, ದಿಣ್ಣೆ ಹತ್ತಲು ಕೋವಿಯನ್ನು ಊರುಗೋಲು ಮಾಡಿಕೊಳ್ಳಬೇಡಿ. ಮದುವೆ, ಜಾತ್ರೆಯ ಸಂಭ್ರಮಕ್ಕೆ ಇತರರಿಗೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನಿಮ್ಮ ಹೆಸರಿನ ಕೋವಿಯನ್ನು ‘ರಾತ್ರಿ ಕಾವಲಿಗೆ ಇರಲಿ’ ಎಂದು ತೋಟದ ಲೆಕ್ಕ ನೋಡುವ ರೈಟರ ಕೈಗೋ ಕಾವಲುಗಾರನ ಕೈಗೋ ಕೊಡುವುದೂ ಸಲ್ಲದು. ಹಾಗೆ ಬೇಕಿದ್ದರೆ ಅವರ ಹೆಸರನ್ನು ಲೈಸೆನ್ಸಿನಲ್ಲಿ ರಿಟೇನರ್ (ನಿಮ್ಮ ಪರವಾಗಿ ಕೋವಿ ಹಿಡಿಯಲು ಅನುಮತಿಯುಳ್ಳವರು) ಎಂದು ಸೇರಿಸಿಕೊಡುವಂತೆ ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಿ, ಸೇರಿಸಿದ ಮೇಲೆ ಅವರನ್ನೂ ತರಬೇತಿಗೆ ಕಳುಹಿಸಿ.