ಆಟಿ ತಿಂಗಳಲ್ಲಿ ಹೊರಟ ಬೋಟು

ಮಲ್ಪೆ ಕಡೆಯ ನಿವೃತ್ತ ಮಾಷ್ಟ್ರೊಬ್ಬರು ಕಳೆದ ವರ್ಷ ತಮ್ಮ ಮೊದಲ ಕಾದಂಬರಿಯ ಹಸ್ತಪ್ರತಿ ತಂದುಕೊಟ್ಟರು. ಕೈಬರಹದ 240 ಹಾಳೆ, ಒಂದು ಕಾಟು ಕೂಡ ಇಲ್ಲ. ಮೂರನೇ ಅಧ್ಯಾಯದಲ್ಲಿ ನಾಯಕ ತಮ್ಮನೊಡನೆ ಜಗಳವಾಡಿ, ಜುಲೈ ನಡುವಿಗೆ ಶುರುವಾಗುವ ತುಳುವರ ಆಟಿ ತಿಂಗಳ ಮೊದಲ ವಾರದ ಜಡಿಮಳೆಯಲ್ಲಿ, ಯಂತ್ರದಿಂದ ಬಲೆ ಎಳೆಯುವ ತನ್ನ ಟ್ರಾಲ್ ಬೋಟು ಹತ್ತಿ ಬಂದರಿನಿಂದ ಹೊರಡುತ್ತಾನೆ. ಕೈಯಲ್ಲಿ ಮೊಬೈಲ್ ಉಂಟು, ಅಂದರೆ ಇದು ಈಗಿನ ಕಾಲದ ಕಥೆ.

"ಮಾಷ್ಟ್ರೆ, ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಬೋಟುಗಳಿಗೆ ರಜೆಯಲ್ಲವಾ?" ಎಂದು ಕೇಳಿದೆ.

"ಗೊತ್ತುಂಟು ಮಾರಾಯ್ರೆ. ಆದರೆ ಕಥೆಗೆ ಮಳೆ ಬೇಕಿತ್ತು."

ಹಸ್ತಪ್ರತಿ ಓದುವ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಿಗುವುದು ಈ ಉತ್ತರವೇ. ಗೊತ್ತಿಲ್ಲದೆ ಆದ ತಪ್ಪನ್ನು ತಿದ್ದುವುದು ಸುಲಭ. ಗೊತ್ತಿದ್ದೂ ಕಥೆಗಾಗಿ ಬದಿಗೆ ಸರಿಸಿದ ಸತ್ಯ ಪುಟದಲ್ಲಿ ಟೊಳ್ಳಾಗಿಯೇ ಉಳಿಯುತ್ತದೆ. ಬಂದರಿನ ಬದುಕು ತಿಳಿದ ಓದುಗ ಅಲ್ಲಿಗೇ ಪುಸ್ತಕ ಮಡಚುತ್ತಾನೆ.

ಮಳೆ ಬೇಕಾದರೆ ಇರಲಿ, ಬೋಟು ಬಿಟ್ಟುಬಿಡಿ, ಮಳೆಗಾಲದಲ್ಲಿ ನಾಡದೋಣಿಗಳು ಹೋಗುತ್ತವಲ್ಲ ಎಂದೆ. ಅವರು ಬಹಳ ಹೊತ್ತು ಸುಮ್ಮನೆ ಕುಳಿತರು. ನಾಡದೋಣಿ ಎಂದರೆ ತಂಡ. ಬಂದ ದುಡ್ಡಿನಲ್ಲಿ ಎಲ್ಲರಿಗೂ ಪಾಲು. ಒಡೆಯನಾಗಿದ್ದವನು ಇಲ್ಲಿ ಪಾಲುದಾರನಾಗಬೇಕು, ಜಗಳವಾಡಿದ ತಮ್ಮನ ಪಕ್ಕದಲ್ಲೇ ನಿಂತು ಬಲೆ ಎಳೆಯಬೇಕು. ಹೋಗುವಾಗ ಮಾಷ್ಟ್ರು ಹೇಳಿದರು, "ಹಾಗಾದರೆ ಅವನು ಮಾತಾಡಲೇಬೇಕಾಗ್ತದೆ." ಕಾದಂಬರಿ ಶುರುವಾದದ್ದು ಆ ಕ್ಷಣದಲ್ಲಿ ಎಂದೇ ನಾನು ತಿಳಿದಿದ್ದೇನೆ.

ವಿಮರ್ಶೆ ಎಂದರೆ ತೀರ್ಪು ಎಂದುಕೊಂಡವರು ಬಹಳ. ನನ್ನ ಮಟ್ಟಿಗೆ ಅದು, ಓದುವಾಗ ನಾನು ಎಲ್ಲಿ ಎಡವಿದೆ, ಎಲ್ಲಿ ಉಸಿರು ಬಿಗಿಹಿಡಿದೆ ಎಂದು ಪುಟಸಂಖ್ಯೆ ಸಮೇತ ಹೇಳುವ ಕೆಲಸ. ಮೊದಲ ಓದಿಗೆ ಪೆನ್ಸಿಲ್ ಮುಟ್ಟುವುದಿಲ್ಲ. ಪುಸ್ತಕ ಕೆಳಗಿಟ್ಟು ಎದ್ದ ಜಾಗಕ್ಕೆ ಮಾತ್ರ ಒಂದು ಚೀಟಿ. ಎರಡನೇ ಓದಿನಲ್ಲಿ ಆ ಚೀಟಿಗಳ ಹತ್ತಿರ ನಿಂತು, ಎದ್ದದ್ದು ನನ್ನ ದಣಿವಿನಿಂದಲೋ ಬರಹದ ದಣಿವಿನಿಂದಲೋ ಎಂದು ಕೇಳಿಕೊಳ್ಳುತ್ತೇನೆ. ಮುನ್ನುಡಿ, ಬೆನ್ನುಡಿಗಳನ್ನು ಕೊನೆಗೆ ಓದುತ್ತೇನೆ. ಮೊದಲೇ ಓದಿದರೆ ಬೇರೆಯವರ ಮೆಚ್ಚುಗೆಯ ಮಾತುಗಳು ನನ್ನ ಲೇಖನಿಗೆ ಅಂಟಿಕೊಳ್ಳುತ್ತವೆ.

ಒಂದು ತಪ್ಪು ಮಾತ್ರ ಈಗಲೂ ಚುಚ್ಚುತ್ತದೆ. ಕುಂದಾಪುರ ಕಡೆಯ ಕಾದಂಬರಿಯೊಂದರ ಬಗ್ಗೆ "ಸಂಭಾಷಣೆ ತೊಡಕಾಗಿದೆ" ಎಂದು ಬರೆದಿದ್ದೆ. ಅಲ್ಲಿನ ಕನ್ನಡದಲ್ಲಿ ಪದದ ಕೊನೆಯ ಸ್ವರ ಉದುರುತ್ತದೆ. 'ಹೋಗಬೇಕು' ಎಂಬುದು 'ಹೋಯ್ಕ್' ಆಗುತ್ತದೆ. ಅಚ್ಚಿನಲ್ಲಿ ಸಾಲಿಡೀ ಅರ್ಧಾಕ್ಷರಗಳು, ಕಣ್ಣು ಮುಗ್ಗರಿಸುತ್ತದೆ. ವಾರದೊಳಗೆ ಓದುಗರೊಬ್ಬರ ಕಾರ್ಡು ಬಂತು: ದೊಡ್ಡದಾಗಿ ಓದಿ ನೋಡಿ. ಓದಿದೆ. ಬಾಯಿಗೆ ಬಂದದ್ದೇ ಸಾಲುಗಳು ಹೊಳೆನೀರಿನ ಹಾಗೆ ಹರಿದವು. ನಾನು ಕಣ್ಣಿನಿಂದ ಮಾತ್ರ ಓದಿದ್ದೆ, ಆ ಲೇಖಕಿ ಕಿವಿಗಾಗಿ ಬರೆದಿದ್ದರು. ಮುಂದಿನ ಅಂಕಣದಲ್ಲಿ ಹಾಗೆಂದು ಒಪ್ಪಿಕೊಂಡೆ. ಅಲ್ಲಿಂದ ಈಚೆಗೆ ಯಾವ ಪುಸ್ತಕದ್ದೇ ಆಗಲಿ, ಸಂಭಾಷಣೆಯನ್ನು ಬಾಯಿಬಿಟ್ಟು ಓದದೆ ವಿಮರ್ಶೆ ಬರೆದಿಲ್ಲ.

ಕರಾವಳಿಯಲ್ಲಿ ಕನ್ನಡ ಬರೆಯುವವರಿಗೆ ಇನ್ನೊಂದು ಕಷ್ಟ ಉಂಟು. ಪಾತ್ರ ಮನೆಯಲ್ಲಿ ತುಳು, ಕೊಂಕಣಿ ಇಲ್ಲವೇ ಬ್ಯಾರಿ ಆಡುತ್ತದೆ, ಪುಸ್ತಕ ಕನ್ನಡದ್ದು. ಹಾಗಾದರೆ ಆ ಬಾಯಲ್ಲಿ ಯಾವ ಕನ್ನಡ? ಪಠ್ಯಪುಸ್ತಕದ ಕನ್ನಡ ಇಟ್ಟರೆ ಮೀನು ಮಾರುವ ಹೆಂಗಸು ಭಾಷಣ ಮಾಡಿದ ಹಾಗೆ ಕೇಳುತ್ತದೆ. ಬೆಂಗಳೂರಿನ ಆಡುಮಾತು ಇಟ್ಟರೆ ಅವಳು ಬೇರೆಯವಳೇ ಆಗುತ್ತಾಳೆ. ವಾಕ್ಯಕ್ಕೊಂದು ತುಳು ಪದ ಸಿಕ್ಕಿಸಿ ಊರಿನ ಬಣ್ಣ ತರುವುದು ಇನ್ನೂ ದುರ್ಬಲ ದಾರಿ. ನನಗೆ ಸರಿ ಕಂಡದ್ದು, ವಾಕ್ಯದ ನಡೆಯನ್ನು ತುಳುವಿನಿಂದ ತಂದು ಪದಗಳನ್ನು ಕನ್ನಡದಲ್ಲೇ ಇಡುವುದು. ಆದರೆ ಸಂಬಂಧ ಹೇಳುವ ಪದಗಳನ್ನು ಮುಟ್ಟಬಾರದು. ತುಳುವಿನಲ್ಲಿ 'ಅಪ್ಪೆ' ಎಂದರೆ ತಾಯಿ, 'ಅಮ್ಮೆ' ಎಂದರೆ ತಂದೆ. ನಾನು ನೋಡಿಕೊಂಡ ಕಥಾಸಂಕಲನವೊಂದರಲ್ಲಿ ಕರಡು ತಿದ್ದಿದವರು 'ಅಮ್ಮೆ'ಯನ್ನು ಅಚ್ಚಿನ ತಪ್ಪೆಂದು ಬಗೆದು 'ಅಮ್ಮ' ಮಾಡಿದ್ದರು. ಸತ್ತ ತಂದೆಗಾಗಿ ಅಳುವ ಮಗಳು ಎರಡು ಪುಟ ತಾಯಿಗಾಗಿ ಅತ್ತಳು, ಅದೇ ತಾಯಿ ಮುಂದಿನ ಪುಟದಲ್ಲಿ ಗಂಜಿ ಬಡಿಸಿದಳು. ಕೊನೆಯ ಕರಡಿನಲ್ಲಿ ಅದು ಕಣ್ಣಿಗೆ ಬಿತ್ತು.

ಹೊಸದಾಗಿ ಬರೆಯುವವರು ಸಲಹೆ ಕೇಳಿದರೆ ನಾನು ನೆನೆಯುವುದು ನಂದಳಿಕೆಯ ಮುದ್ದಣನನ್ನು. 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ಅಂಗಸಾಧನೆಯ ಮಾಷ್ಟ್ರಾಗಿದ್ದು, 1901ರಲ್ಲೇ ಕ್ಷಯಕ್ಕೆ ಬಲಿಯಾದ ಬಡ ಕವಿ. 'ರಾಮಾಶ್ವಮೇಧ'ದಲ್ಲಿ ಅವನು ಕಥೆ ಹೇಳುತ್ತಾನೆ, ಮಡದಿ ಮನೋರಮೆ ಕೇಳುತ್ತಾಳೆ. ಸುಮ್ಮನೆ ಹೂಂಗುಟ್ಟುವವಳಲ್ಲ. ಪದ್ಯ ಬೇಡ ಎನ್ನುತ್ತಾಳೆ. ಅವನ ಸಂಸ್ಕೃತ ಭಾರವಾದಾಗ, ನೀರೇ ಇಳಿಯದ ಗಂಟಲಲ್ಲಿ ಕಡುಬು ತುರುಕಿದಂತಾಯಿತು ಎಂದು ತಡೆಯುತ್ತಾಳೆ. ಅವನು ಮುನಿಸಿಕೊಳ್ಳದೆ ಹೇಳುವ ರೀತಿ ಬದಲಿಸುತ್ತಾನೆ. ನೂರಿಪ್ಪತ್ತು ವರ್ಷ ದಾಟಿದರೂ ಜನರ ಬಾಯಲ್ಲಿ ಉಳಿದಿರುವುದು ಅಶ್ವಮೇಧದ ಯುದ್ಧಗಳಿಗಿಂತ ಹೆಚ್ಚಾಗಿ ಆ ಗಂಡಹೆಂಡಿರ ಮಾತುಕತೆ. ಮೆಚ್ಚುವವರು ಸಿಗುತ್ತಾರೆ, ಬಿಡುಗಡೆಯ ದಿನ ಶಾಲು ಹೊದಿಸುವವರೂ ಸಿಗುತ್ತಾರೆ. ಅಚ್ಚಿಗೆ ಹೋಗುವ ಮೊದಲು ನಡುವೆಯೇ ತಡೆಯುವ ಒಬ್ಬರನ್ನು ಹುಡುಕಿಕೊಳ್ಳಿ ಎನ್ನುತ್ತೇನೆ.

ಮಾಷ್ಟ್ರು ದೀಪಾವಳಿ ಕಳೆದ ಮೇಲೆ ಬಂದರು. ಈ ಸಲ ಹಾಳೆಗಳ ತುಂಬ ಕಾಟು, ಅಂಚಿನಲ್ಲಿ ಕೆಂಪು ಪೆನ್ಸಿಲ್ಲಿನ ಗುರುತು. ಪ್ರತಿ ರಾತ್ರಿ ಹೆಂಡತಿಗೆ ಓದಿ ಹೇಳಿದೆ, ಅವಳು ನಿಲ್ಲಿಸಿದ ಕಡೆ ಗೆರೆ ಹಾಕಿದೆ ಎಂದರು. ನಾನು ಎಂಟನೇ ಅಧ್ಯಾಯ ತೆರೆದು ನೋಡಿದೆ. ಬುಟ್ಟಿ ಇಳಿಸಿದ ಹೆಂಗಸು ಬೆಳಿಗ್ಗೆಯ ಮೊದಲ ಗಿರಾಕಿಗೆ, "ಬೇಕಾದರೆ ತಕ್ಕೊ, ಇಲ್ಲದಿದ್ದರೆ ನಡೆ" ಎನ್ನುವ ಸಾಲಿನ ಪಕ್ಕದಲ್ಲಿ ಕೆಂಪು ಗೆರೆ.

"ಇಲ್ಲಿ ಎಂತ ಹೇಳಿದರು?"

"ಬೋಣಿಯ ಹೊತ್ತಿಗೆ ಅವಳು ಹಾಗೆ ಹೇಳುವುದಿಲ್ಲ ಅಂತ."