ಸಾರುವೆ ಪೈಪಿನ ತೂಕ, ಬೆನ್ನುಮೂಳೆಯ ಲೆಕ್ಕ

ಕಟ್ಟಡದ ಹೊರಮೈಗೆ ಸಾರುವೆ ಕಟ್ಟುವವರು ದಿನವಿಡೀ ಎತ್ತಿ ಇಳಿಸುವ ಉಕ್ಕಿನ ಪೈಪಿನ ಹೊರವ್ಯಾಸ 48.3 ಮಿಲಿಮೀಟರ್. ಅದರ ಗೋಡೆ 3.2 ಮಿ.ಮೀ. ದಪ್ಪವಿದ್ದರೆ ಮೀಟರಿಗೆ ಸುಮಾರು 3.56 ಕಿಲೋ, 4 ಮಿ.ಮೀ. ಇದ್ದರೆ 4.37 ಕಿಲೋ. ಆರು ಮೀಟರ್ ಉದ್ದದ ಒಂದು ಪೈಪು 21ರಿಂದ 26 ಕಿಲೋ ತೂಗುತ್ತದೆ. ನಮ್ಮ ದೇಶದ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ 1998ರ ಕೇಂದ್ರ ನಿಯಮಗಳ ಪ್ರಕಾರ ವಯಸ್ಕ ಪುರುಷ 55 ಕಿಲೋವರೆಗೆ, ಮಹಿಳೆ 30 ಕಿಲೋವರೆಗೆ ಯಾರ ನೆರವೂ ಇಲ್ಲದೆ ಹೊರಬಹುದು. ಆ ಲೆಕ್ಕದಲ್ಲಿ ಸಾರುವೆ ಪೈಪು ಹಗುರವೇ. ಪುರುಷನೊಬ್ಬ ಎರಡನ್ನು ಒಟ್ಟಿಗೆ ಹೆಗಲಿಗೇರಿಸಿದರೂ ನಿಯಮ ಮುರಿದಂತಾಗುವುದಿಲ್ಲ.

ಬೆನ್ನುಮೂಳೆಗೆ ಮಾತ್ರ ಈ ಲೆಕ್ಕ ಒಪ್ಪುವುದಿಲ್ಲ. ಎಷ್ಟು ಕಿಲೋ ಎಂಬುದರ ಜೊತೆಗೆ ಆ ಕಿಲೋ ಸೊಂಟದಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ಅದು ಗುಣಿಸಿ ನೋಡುತ್ತದೆ. ಬೆನ್ನನ್ನು ನೆಟ್ಟಗೆ ಹಿಡಿಯುವ ಸ್ನಾಯುಗಳು ಬೆನ್ನುಮೂಳೆಯ ನಡುವಿನಿಂದ ಸುಮಾರು ಐದು ಸೆಂಟಿಮೀಟರ್ ಹಿಂದಿವೆ. ಕೈಯಲ್ಲಿರುವ ಭಾರ 25 ಸೆಂ.ಮೀ. ಮುಂದಿದ್ದರೆ ಸನ್ನೆಕೋಲಿನ ನಿಯಮದಂತೆ ಆ ಸ್ನಾಯುಗಳು ಭಾರದ ಐದು ಪಟ್ಟು ಬಲ ಹಾಕಬೇಕು. 20 ಕಿಲೋ ಎತ್ತಿದವನ ಬೆನ್ನು 100 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತಿರುತ್ತದೆ. ಕೈ ಚಾಚಿ ಅದನ್ನೇ 50 ಸೆಂ.ಮೀ. ದೂರ ಹಿಡಿದರೆ ಆ ಬಲ 200 ಕಿಲೋ ತೂಕಕ್ಕೆ ಏರುತ್ತದೆ. ಬಾಗಿದ ಮುಂಡದ ಸ್ವಂತ ಭಾರ ಇದರ ಮೇಲೆ ಬೇರೆ. ಈ ಎಲ್ಲ ಬಲವೂ ಕೊನೆಗೆ ಸೊಂಟದ ಕಶೇರುಮಣಿಗಳ ನಡುವಿನ ಮೆತ್ತನೆಯ ಡಿಸ್ಕನ್ನು ಅದುಮುತ್ತದೆ.

ಇದು ಕಾಗದದ ಮೇಲಿನ ಊಹೆಯಷ್ಟೇ ಆಗಿ ಉಳಿದಿಲ್ಲ. 1999ರಲ್ಲಿ ಜರ್ಮನಿಯ ಹಾನ್ಸ್ ಯೋಆಖಿಮ್ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕಿನೊಳಕ್ಕೆ ಒತ್ತಡ ಅಳೆಯುವ ಪುಟ್ಟ ಸಂವೇದಕವನ್ನು ತೂರಿಸಿ, ಅವನು ಮಲಗಿದಾಗ, ನಿಂತಾಗ, ಭಾರ ಎತ್ತಿದಾಗ ಏನಾಗುತ್ತದೆಂದು ನೇರವಾಗಿ ಅಳೆದರು. ಸುಮ್ಮನೆ ನಿಂತಾಗ 0.5 ಮೆಗಾಪಾಸ್ಕಲ್. 20 ಕಿಲೋ ಭಾರವನ್ನು ಎದೆಗೆ ಹತ್ತಿರ ಹಿಡಿದರೆ 1.1, ಎದೆಯಿಂದ 60 ಸೆಂ.ಮೀ. ದೂರ ಹಿಡಿದರೆ 1.8. ಅದೇ ಭಾರವನ್ನು ಮಂಡಿ ಮಡಿಸಿ ಎತ್ತಿದಾಗ 1.7, ಬೆನ್ನು ಗೂನಾಗಿಸಿ ಎತ್ತಿದಾಗ 2.3. ಕಾರಿನ ಟೈರಿನಲ್ಲಿ ತುಂಬುವ ಗಾಳಿಯ ಒತ್ತಡ ಸುಮಾರು 0.2 ಮೆಗಾಪಾಸ್ಕಲ್, ಬೆನ್ನು ಬಗ್ಗಿಸಿ ಎತ್ತಿದ ಆ ಕ್ಷಣ ಡಿಸ್ಕಿನೊಳಗೆ ಅದರ ಹತ್ತು ಪಟ್ಟಿಗೂ ಹೆಚ್ಚು ಒತ್ತಡವಿರುತ್ತದೆ. ಪರೀಕ್ಷೆಗೆ ಒಳಗಾದದ್ದು ಒಂದೇ ಬೆನ್ನು ಎಂಬುದು ನಿಜ. ಆದರೆ ಅದಕ್ಕೂ ಮೊದಲು, 1960ರ ದಶಕದಲ್ಲಿ, ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಹಲವರ ಡಿಸ್ಕುಗಳಿಗೆ ಸೂಜಿ ಹಾಕಿ ಅಳೆದಾಗಲೂ ಬಾಗುವುದು, ಭಾರ ಹಿಡಿಯುವುದು ಒತ್ತಡವನ್ನು ಏರಿಸುವುದು ಕಂಡಿತ್ತು.

ಇನ್ನು ಪೈಪಿನ ವಿಷಯ. 21 ಕಿಲೋ ಮರಳಿನ ಚೀಲವನ್ನು ಹೊತ್ತು ತಿರುಗುವುದಕ್ಕೂ 21 ಕಿಲೋ ಪೈಪನ್ನು ಹೊತ್ತು ತಿರುಗುವುದಕ್ಕೂ ಇರುವ ಅಂತರವನ್ನು ತಕ್ಕಡಿ ಹೇಳಲಾರದು. ತಿರುಗುವಿಕೆಗೆ ಒಂದು ವಸ್ತು ತೋರುವ ಜಡತ್ವ ಅದರ ತೂಕಕ್ಕೂ ಉದ್ದದ ವರ್ಗಕ್ಕೂ ಅನುಗುಣವಾಗಿರುತ್ತದೆ. ಆರು ಮೀಟರ್ ಪೈಪಿನ ಜಡತ್ವ ಅದೇ ತೂಕದ, ಅರ್ಧ ಮೀಟರ್ ಉದ್ದದ ಚೀಲಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚು. ಹೆಗಲ ಮೇಲೆ ಪೈಪಿಟ್ಟುಕೊಂಡವನು ಮೂಲೆಯಲ್ಲಿ ಹೊರಳಿದಾಗ ಪೈಪು ಹೊರಳಲು ಒಲ್ಲೆನ್ನುತ್ತದೆ. ಒಮ್ಮೆ ಹೊರಳತೊಡಗಿದರೆ ನಿಲ್ಲಲು ಒಲ್ಲೆನ್ನುತ್ತದೆ. ಎರಡು ಸಲವೂ ಅದನ್ನು ತಡೆಯುವುದು ಸೊಂಟವೇ, ಅದೂ ತಿರುಚಿಕೊಂಡ ಸ್ಥಿತಿಯಲ್ಲಿ. ಹಿಡಿತ ಪೈಪಿನ ನಡುವಿನಿಂದ ಅರ್ಧ ಮೀಟರ್ ಸರಿದರೂ ಸಾಕು, ವಾಲುವ ಪೈಪನ್ನು ಸಮಸ್ಥಿತಿಯಲ್ಲಿಡಲು 100 ನ್ಯೂಟನ್ ಮೀಟರಿಗಿಂತ ಹೆಚ್ಚಿನ ತಿರುಚುಬಲ ಬೇಕು. ಪೈಪನ್ನು ಮೂರು ಮೀಟರಿಗೆ ಇಳಿಸಿದರೆ ತೂಕ ಅರ್ಧವಾಗುತ್ತದೆ, ಜಡತ್ವ ಎಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ. ಉದ್ದ ಪೈಪು ನಿಜಕ್ಕೂ ಬೇಕಾದ ಕಡೆ ಬಿಟ್ಟು ಉಳಿದೆಡೆ ತುಂಡು ಪೈಪನ್ನೇ ತರಿಸುವುದು ಗುತ್ತಿಗೆದಾರ ಬೆನ್ನುಗಳಿಗೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಎಂದು ನಾನು ನಂಬಿರುವುದು ಈ ಲೆಕ್ಕದಿಂದಲೇ.

ದೂರದ ಈ ಗಣಿತವನ್ನು ನಿಯಮದೊಳಗೆ ತಂದವರಿದ್ದಾರೆ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯ ನೋಡಿಕೊಳ್ಳುವ ಬ್ರಿಟನ್ನಿನ ಎಚ್‌ಎಸ್‌ಇ ಸಂಸ್ಥೆಯ ಮಾರ್ಗಸೂಚಿಯಲ್ಲಿ ಒಂದೇ ತೂಕದ ಮಿತಿಯಿಲ್ಲ. ಮನುಷ್ಯನ ಚಿತ್ರವೊಂದಿದೆ, ಅದರ ಸುತ್ತ ಸಂಖ್ಯೆಗಳಿವೆ. ಸೊಂಟದ ಎತ್ತರದಲ್ಲಿ ಮೈಗೆ ಹತ್ತಿರವಾದರೆ ಪುರುಷರಿಗೆ 25 ಕಿಲೋ, ಮಹಿಳೆಯರಿಗೆ 16. ಹೆಗಲಿಗಿಂತ ಮೇಲೆ ಕೈ ಚಾಚಿದರೆ ಪುರುಷರಿಗೆ 5, ಮಹಿಳೆಯರಿಗೆ 3. ನೆಲದ ಮಟ್ಟದಲ್ಲಿ ಕೈ ಚಾಚಿದರೂ ಅಷ್ಟೇ. ಇವು ಕಾನೂನಿನ ಗೆರೆಗಳಲ್ಲ, ಇನ್ನಷ್ಟು ಪರಿಶೀಲಿಸಬೇಕೆಂದು ಎಚ್ಚರಿಸುವ ಗುರುತುಗಳು. ಸಾರುವೆ ಕಟ್ಟುವವನ ದಿನ ಕಳೆಯುವುದೇ ಈ ಚಿತ್ರದ ಅಂಚುಗಳಲ್ಲಿ. ಕೆಳಗಿನವನು ಪೈಪನ್ನು ತಲೆಯ ಮೇಲಕ್ಕೆ ಎತ್ತಿಕೊಡುತ್ತಾನೆ, ಹಲಗೆಯ ಮೇಲಿನವನು ಪಾದಕ್ಕಿಂತ ಕೆಳಗೆ ಬಗ್ಗಿ ಹಿಡಿದುಕೊಳ್ಳುತ್ತಾನೆ. 5 ಕಿಲೋ ಸೂಚಿಸುವ ಜಾಗದಲ್ಲಿ 21 ಕಿಲೋ.

ಕೆಲಸಗಾರರ ಸುರಕ್ಷತೆ, ಆರೋಗ್ಯದ ಸಂಶೋಧನೆ ನಡೆಸುವ ಅಮೆರಿಕದ ನಿಯೋಶ್ ಸಂಸ್ಥೆಗೆ ಎಷ್ಟು ಭಾರ ಎತ್ತಬಹುದೆಂದು ಲೆಕ್ಕ ಹಾಕುವ ಸೂತ್ರವೊಂದಿದೆ. ಅದು ಎಲ್ಲವೂ ಅನುಕೂಲವಾಗಿದ್ದಾಗ 23 ಕಿಲೋದಿಂದ ಹೊರಡುತ್ತದೆ. ಭಾರ 25ರ ಬದಲು 50 ಸೆಂ.ಮೀ. ದೂರವಿದ್ದರೆ ಆ ಮಿತಿ ಅರ್ಧಕ್ಕಿಳಿಯುತ್ತದೆ. ಆ ಸೂತ್ರ ಎಲ್ಲಿ ಅನ್ವಯಿಸದು ಎಂಬ ಪಟ್ಟಿಯೂ ಅದರ ಜೊತೆಗಿದೆ: ಒಂದೇ ಕೈಯಿಂದ ಎತ್ತುವಾಗ, ಇಕ್ಕಟ್ಟಾದ ಜಾಗದಲ್ಲಿ, ತೂಗಾಡುವ ವಸ್ತುಗಳಿಗೆ, ಜಾರುವ ನೆಲದಲ್ಲಿ. ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ಪೈಪು, ಕಾಲಡಿ ಮಳೆಯಲ್ಲಿ ನೆಂದ ಹಲಗೆ. ಸಾರುವೆ ಕೆಲಸದ ವರ್ಣನೆಯೇ ಈ ಪಟ್ಟಿಯಾಗಿದೆ ಎಂದು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹೊತ್ತಿನ ಪಾತ್ರವೂ ಇದೆ. ರಾತ್ರಿ ಮಲಗಿದಾಗ ಡಿಸ್ಕು ನೀರು ಹೀರಿ ಉಬ್ಬುತ್ತದೆ. ವಿಲ್ಕೆಯವರ ಪ್ರಯೋಗದಲ್ಲಿ ಮಲಗಿದವನ ಡಿಸ್ಕಿನ ಒತ್ತಡ ಏಳು ಗಂಟೆಗಳಲ್ಲಿ 0.1ರಿಂದ 0.24 ಮೆಗಾಪಾಸ್ಕಲ್‌ಗೆ ಏರಿತ್ತು. ಬೆಳಗ್ಗೆ ಎದ್ದ ಹೊಸದರಲ್ಲಿ ಬೆನ್ನು ಬಿಗಿಯಾಗಿದ್ದು, ಬಾಗಿದಾಗ ಡಿಸ್ಕಿನ ಮೇಲೆ ಬೀಳುವ ಒತ್ತಡ ಸಂಜೆಗಿಂತ ಹಲವು ಪಟ್ಟು ಹೆಚ್ಚು. ಲಾರಿಯಿಂದ ಪೈಪು ಇಳಿಸುವ, ನೆಲದ ರಾಶಿಯಿಂದ ಎತ್ತುವ ಕೆಲಸ ಬೆಳಗಿನ ಪಾಳಿಯ ಮೊದಲಿಗೇ ಬರುವುದುಂಟು. ಮೇಸ್ತ್ರಿ ಮನಸ್ಸು ಮಾಡಿದರೆ ಮೊದಲ ಗಂಟೆಗೆ ಕ್ಲಾಂಪ್ ಬಿಗಿಯುವಂಥ ನಿಂತು ಮಾಡುವ ಕೆಲಸ ಹಚ್ಚಿ, ಬಗ್ಗಿ ಎತ್ತುವುದನ್ನು ಮುಂದೂಡಬಹುದು. ಖರ್ಚಿಲ್ಲದ ಬದಲಾವಣೆ ಇದು.

ಕಾರ್ಮಿಕರನ್ನು ಸಾಲಾಗಿ ನಿಲ್ಲಿಸಿ ಮಂಡಿ ಮಡಿಸಿ, ಬೆನ್ನು ನೆಟ್ಟಗಿಡಿ ಎಂದು ಹೇಳಿಕೊಟ್ಟರೆ ಸಾಲದೇ? ಸಾಲದು. ಇಂಥ ತರಬೇತಿಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2011ರ ವಿಮರ್ಶೆಗೆ, ಅಂದರೆ ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಗೆ, ಸಲಹೆ ಮತ್ತು ತರಬೇತಿಯಿಂದ ಬೆನ್ನುನೋವು ತಪ್ಪುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಸಹಾಯಕ ಉಪಕರಣ ಜೊತೆಗಿದ್ದಾಗಲೂ ಫಲಿತಾಂಶ ಬದಲಾಗಲಿಲ್ಲ. ಅಡ್ಡಪೈಪುಗಳ ನಡುವೆ ನಿಂತವನಿಗೆ ಮಂಡಿ ಮಡಿಸಲು ಜಾಗವಾದರೂ ಎಲ್ಲಿದೆ? 1993ರ ಜನವರಿ 1ರಂದು ಜಾರಿಗೆ ಬಂದ ಬ್ರಿಟನ್ನಿನ ನಿಯಮಗಳು ಮಾಲೀಕನಿಗೆ ವಿಧಿಸುವ ಮೊದಲ ಕರ್ತವ್ಯ, ಅಪಾಯಕಾರಿ ಎತ್ತುವಿಕೆಯನ್ನು ಸಾಧ್ಯವಿದ್ದಷ್ಟೂ ಇಲ್ಲವಾಗಿಸುವುದು. ಉಳಿದದ್ದನ್ನು ಅಂದಾಜು ಮಾಡುವುದು, ಕಡಿಮೆಗೊಳಿಸುವುದು ಆಮೇಲಿನ ಮಾತು. ಹಗ್ಗ, ರಾಟೆ ಹಾಕಿದರೆ ಪೈಪು ಕೈಯಿಂದ ಕೈಗೆ ಏರಬೇಕಿಲ್ಲ. ರಾಶಿಯನ್ನು ಸೊಂಟದ ಎತ್ತರದ ಸ್ಟ್ಯಾಂಡಿನ ಮೇಲಿಟ್ಟರೆ ನೆಲಕ್ಕೆ ಬಗ್ಗಬೇಕಿಲ್ಲ.

ಕೈಯಿಂದಲೇ ಎತ್ತಬೇಕಾದ ಉದ್ದ ಪೈಪಿಗೆ ಇಬ್ಬರು ಬೇಕು. ಇಲ್ಲಿ ನಮ್ಮ ನಿಯಮದಲ್ಲಿ ತಿದ್ದಬೇಕಾದ ಒಂದು ಮಾತಿದೆ. ಇಬ್ಬರು ಸೇರಿದರೆ ಇಬ್ಬರ ಮಿತಿಗಳ ಮೊತ್ತದವರೆಗೆ, ಅಂದರೆ ಪುರುಷರಿಬ್ಬರು 110 ಕಿಲೋ ಹೊರಬಹುದು ಎನ್ನುತ್ತದೆ ಅದು. ಆದರೆ ಇಬ್ಬರ ಹೆಜ್ಜೆ, ಎತ್ತರ, ಎತ್ತುವ ಕ್ಷಣ ಎಂದೂ ಪೂರ್ತಿ ಒಂದಾಗುವುದಿಲ್ಲ. ಒಬ್ಬ ಎಡವಿದರೆ ಭಾರವೆಲ್ಲ ಇನ್ನೊಬ್ಬನ ಮೇಲೆ. ಅದಕ್ಕಾಗಿಯೇ ಎಚ್‌ಎಸ್‌ಇ ಮಾರ್ಗಸೂಚಿ ಇಬ್ಬರಿದ್ದರೆ ಮೊತ್ತದ ಮೂರನೇ ಎರಡು ಭಾಗವನ್ನು, ಮೂವರಿದ್ದರೆ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಇಬ್ಬರಿಗೆ ಅಲ್ಲಿ ಸುಮಾರು 33 ಕಿಲೋ, ಇಲ್ಲಿ 110. ನಮ್ಮ ನಿಯಮದ ಮೊತ್ತವನ್ನು ಮೂರನೇ ಎರಡಕ್ಕೆ ಇಳಿಸಿದರೂ 73 ಕಿಲೋ ಉಳಿಯುತ್ತದೆ. ಹಾಗಾಗಿ 55 ಎಂಬ ಮೂಲ ಸಂಖ್ಯೆಯನ್ನೇ ಕೆಳಗಿಳಿಸಬೇಕು. ಅದರ ಪಕ್ಕದಲ್ಲಿ ಭಾರ ಮೈಯಿಂದ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ ಎಂಬ ಎರಡು ಕಾಲಂಗಳೂ ಬರಬೇಕು.