ಹೊಸ ಕೇಳುಗರಿಗೆ ನಮ್ಮ ಪಾಡ್‌ಕಾಸ್ಟ್ ಸಿಗುವುದು ಹೇಗೆ? ಒಂದು ಅಧ್ಯಯನ ಟಿಪ್ಪಣಿ

ಅಡಿಕೆ ಬೆಳೆಗಾರರಿಗಾಗಿ ನೀವೊಂದು ಪಾಡ್‌ಕಾಸ್ಟ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಕೊಳೆರೋಗದ ಬಗ್ಗೆ ಅನುಭವಸ್ಥರೊಬ್ಬರ ಜೊತೆ ಮುಕ್ಕಾಲು ಗಂಟೆ ಮಾತಾಡಿದ್ದೀರಿ. ಸಂಚಿಕೆಗೆ ‘ಮಳೆಗಾಲದ ಮಾತುಕತೆ, ಭಾಗ 12’ ಅಂತ ಚೆಂದದ ಹೆಸರಿಟ್ಟಿರಿ. ತೋಟದಲ್ಲಿ ಕಾಯಿ ಉದುರುತ್ತಿರುವಾಗ ಯಾರಾದರೂ ‘ಮಳೆಗಾಲದ ಮಾತುಕತೆ’ ಅಂತ ಹುಡುಕುತ್ತಾರಾ? ಇಲ್ಲ, ಅಲ್ವಾ?

ತೊಂದರೆಯ ಬೇರು ಇಲ್ಲೇ ಇದೆ. ಆಡಿದ ಮಾತು ಎಷ್ಟೇ ಚೆನ್ನಾಗಿರಲಿ, ಹುಡುಕಾಟಕ್ಕೆ ಸಿಗುವುದು ಹೆಚ್ಚಾಗಿ ಬರೆದ ಅಕ್ಷರ. ಆಪಲ್ ತನ್ನ ಆ್ಯಪ್‌ನಲ್ಲಿ ಮಾತನ್ನು ತಾನಾಗಿಯೇ ಬರಹಕ್ಕಿಳಿಸುವ ಸೌಲಭ್ಯವನ್ನು 2024ರಲ್ಲಿ ತಂದಿತು. ಆದರೆ ಅದು ಶುರುವಾಗಿದ್ದು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್‌ಗಳಲ್ಲಿ. ಕನ್ನಡದವರು ಸದ್ಯಕ್ಕೆ ತಲೆಬರಹವನ್ನೇ ನಂಬಬೇಕು.

ಆ ಅಕ್ಷರಗಳು ಇರುವ ಜಾಗಕ್ಕೆ ಆರ್‌ಎಸ್‌ಎಸ್ ಫೀಡ್ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಅದು ಸುಮ್ನೆ ಒಂದು ಪಟ್ಟಿ. ಸರಣಿಯ ಹೆಸರು, ಮಾಡಿದವರು, ಭಾಷೆ, ವಿಭಾಗ, ಪ್ರತಿ ಸಂಚಿಕೆಯ ತಲೆಬರಹ, ಆಡಿಯೋ ಎಲ್ಲಿದೆ ಎಂಬ ಕೊಂಡಿ, ಇಷ್ಟೇ. ಈ ಕೊಂಡಿಗೆ ಫೀಡ್‌ನಲ್ಲಿ ಜಾಗ ಮಾಡಿಕೊಟ್ಟವರು ಅಮೆರಿಕದ ಸಾಫ್ಟ್‌ವೇರ್ ತಯಾರಕ ಡೇವ್ ವೈನರ್, 2000ರ ಕೊನೆಯಲ್ಲಿ. ‘ಪಾಡ್‌ಕಾಸ್ಟಿಂಗ್’ ಎಂಬ ಪದ ಹುಟ್ಟಿದ್ದೇ ಆಮೇಲೆ, 2004ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯಲ್ಲಿ ಬಂದ ಬೆನ್ ಹ್ಯಾಮರ್ಸ್‌ಲಿ ಅವರ ಲೇಖನದಲ್ಲಿ. ಆ್ಯಪ್‌ಗಳು ಈ ಪಟ್ಟಿಯನ್ನು ಓದಿ ತೋರಿಸುತ್ತವೆ. ನೀವು ಇಲ್ಲಿ ತಪ್ಪು ಬರೆದರೆ ಎಲ್ಲ ಆ್ಯಪ್‌ಗಳಲ್ಲೂ ಅದೇ ತಪ್ಪು.

ಹಾಗಾಗಿ ಆ ಸಂಚಿಕೆಯ ಹೆಸರನ್ನು ‘ಅಡಿಕೆಗೆ ಕೊಳೆರೋಗ: ಬೋರ್ಡೋ ಯಾವಾಗ ಹೊಡೆಯಬೇಕು?’ ಅಂತ ಬದಲಾಯಿಸಿ. (ಬೋರ್ಡೋ ಅಂದರೆ ಈ ರೋಗಕ್ಕೆ ಹೊಡೆಯುವ ಮೈಲುತುತ್ತು, ಸುಣ್ಣದ ದ್ರಾವಣ.) ಕರಾವಳಿ ಕಡೆ ಇದೇ ರೋಗಕ್ಕೆ ಮಹಾಳಿ ಅಂತಲೂ ಅನ್ನುತ್ತಾರೆ. ಆ ಪದಕ್ಕೂ ತಲೆಬರಹದಲ್ಲೇ ಜಾಗ ಕೊಡಿ. ಭಾಗದ ಸಂಖ್ಯೆ ತಲೆಬರಹದಲ್ಲಿ ಬೇಡ, ಅದಕ್ಕೆ ಫೀಡ್‌ನಲ್ಲಿ ಬೇರೆ ಜಾಗವಿದೆ.

ಕನ್ನಡಕ್ಕೆ ಇನ್ನೊಂದು ತಲೆನೋವು ಲಿಪಿಯದು. ಎಷ್ಟೋ ಜನ ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕುತ್ತಾರೆ. ಸರಣಿಯ ಹೆಸರನ್ನು ಎರಡೂ ಲಿಪಿಯಲ್ಲಿ ಒಂದೊಂದು ಸಲ ಬರೆಯುವುದು ಒಳ್ಳೆಯದು. ಹಾಗಂತ ಹೆಸರಿನ ಜಾಗದಲ್ಲಿ ಹತ್ತು ಪದ ತುರುಕಬೇಡಿ, ಆಪಲ್ ಅಂಥದ್ದನ್ನು ಒಪ್ಪುವುದಿಲ್ಲ. ಭಾಷೆಯ ಜಾಗದಲ್ಲಿ ಕನ್ನಡ ಇದೆಯಾ ಅಂತ ಒಮ್ಮೆ ನೋಡಿ. ಇಂಗ್ಲಿಷ್ ಅಂತಲೇ ಬಿಟ್ಟವರು ಜಾಸ್ತಿ. ನಾನೂ ಬಿಟ್ಟಿದ್ದೆ.

‘ರೇಟಿಂಗ್ ಕೊಡಿ, ರಿವ್ಯೂ ಬರೆಯಿರಿ’ ಅಂತ ಪ್ರತಿ ಸಂಚಿಕೆಯ ಕೊನೆಗೆ ಬೇಡಿಕೊಳ್ಳುತ್ತೇವಲ್ಲ, ಅದಕ್ಕೂ ಆಪಲ್‌ನ ಟಾಪ್ ಪಟ್ಟಿಗೂ ಸಂಬಂಧವಿಲ್ಲ. ಎಷ್ಟು ಜನ ಕೇಳಿದರು, ಎಷ್ಟು ಜನ ಫಾಲೋ ಮಾಡಿದರು, ಎಷ್ಟು ಜನ ಕೊನೆವರೆಗೆ ಕೇಳಿದರು, ಇವನ್ನು ಲೆಕ್ಕಕ್ಕೆ ಹಿಡಿಯುತ್ತೇವೆ ಅಂತ ಆಪಲ್ಲೇ ಹೇಳಿದೆ. ಏನಾದರೂ ಕೇಳಲೇಬೇಕಿದ್ದರೆ ‘ಫಾಲೋ ಮಾಡಿ’ ಅಂತ ಕೇಳಿ.

ಇಷ್ಟೆಲ್ಲ ಆದರೂ ಇದು ಹುಡುಕಿಕೊಂಡು ಬರುವವರ ಲೆಕ್ಕ. ಹುಡುಕದೇ ಇರುವವರ ಕಿವಿಗೆ ಬೀಳುವುದು ಹೇಗೆ? ಅಮೆರಿಕದ ‘ಸೀರಿಯಲ್’ ಪಾಡ್‌ಕಾಸ್ಟನ್ನು ನೋಡಿ. 2014ರ ಅಕ್ಟೋಬರ್‌ನಲ್ಲಿ ಅದರ ಮೊದಲ ಸಂಚಿಕೆಯನ್ನು ‘ದಿಸ್ ಅಮೆರಿಕನ್ ಲೈಫ್’ ಎಂಬ ಹಳೆಯ ರೇಡಿಯೋ ಕಾರ್ಯಕ್ರಮದಲ್ಲೇ ಹಾಕಿದರು. ಅದರ ಕೇಳುಗರಿಗೆ ಕಥೆ ಅರ್ಧಕ್ಕೆ ನಿಂತಿತು. ಮುಂದೇನಾಯಿತು ಅಂತ ತಿಳಿಯಬೇಕಿದ್ದರೆ ಪಾಡ್‌ಕಾಸ್ಟ್‌ಗೇ ಬರಬೇಕು! ನನಗೆ ಕಾಣುವಂತೆ ಜಾಹೀರಾತಿಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ, ಯಾಕೆಂದರೆ ಅವರು ಆಗಲೇ ಕೂತು ಕೇಳುವ ರೂಢಿ ಇದ್ದವರು.

ನಮಗೆ ಅಂಥ ರೇಡಿಯೋ ಇಲ್ಲದಿರಬಹುದು. ಆದರೆ ಕಾಳುಮೆಣಸಿನ ಬಗ್ಗೆ ಮಾತಾಡುವ ಇನ್ನೊಬ್ಬರು ಇರಬಹುದು. ಅಡಿಕೆ ಮರಕ್ಕೇ ಮೆಣಸಿನ ಬಳ್ಳಿ ಹಬ್ಬಿಸಿದವರು ಎಷ್ಟು ಜನ! ನಿಮ್ಮ ಒಂದು ಸಂಚಿಕೆಯನ್ನು ಅವರ ಫೀಡ್‌ನಲ್ಲಿ ಹಾಕಲು ಕೊಡಿ, ಅವರದನ್ನು ನೀವು ಹಾಕಿ.

ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿಗೆ ಬರೀ ಕೊಂಡಿ ಕಳಿಸಿದರೆ ಯಾರೂ ಒತ್ತುವುದಿಲ್ಲ. ಮೈಲುತುತ್ತು, ಸುಣ್ಣ ಬೆರೆಸುವ ಬಗ್ಗೆ ಇರುವ ಒಂದು ನಿಮಿಷದ ತುಣುಕನ್ನೇ ಆಡಿಯೋ ಆಗಿ ಕಳಿಸಿ, ಕೆಳಗೆ ಕೊಂಡಿ ಹಾಕಿ. ಯೂಟ್ಯೂಬ್ ಕೊಂಡಿಯೂ ಇರಲಿ. ಪಾಡ್‌ಕಾಸ್ಟ್ ಆ್ಯಪ್ ಇಲ್ಲದ ಫೋನಿನಲ್ಲೂ ಅದು ತೆರೆದುಕೊಳ್ಳುತ್ತದೆ.